ಅಪ್ಪ ಅಟ್ಟ ಹತ್ತುವುದು ಬೇಡ

ಸ್ಟುಟ್‌ಗಾರ್ಟ್
ಭಾನುವಾರ ರಾತ್ರಿ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರ ಬಂತು. ಲತಾ ಬಾಯಿ ಬಿಟ್ಟಿದ್ದಾಳೆ ಅಂತ ಮೊದಲನೇ ಸಾಲಿಗೇ ಗೊತ್ತಾಯಿತು.

ಹೌದು, ಗಿಟಾರ್ ತಗೊಂಡೆ. ಎಲೆಕ್ಟ್ರಿಕ್ ಗಿಟಾರ್. ಸೆಕೆಂಡ್ ಹ್ಯಾಂಡ್, ಆಂಪ್ಲಿಫೈಯರ್ ಸೇರಿ 180 ಯೂರೋ. ಅದನ್ನು ರೂಪಾಯಿ ಲೆಕ್ಕ ಹಾಕಿ ಎದೆ ಹಿಡ್ಕೋಬೇಡ. ಮೂರು ತಿಂಗಳು ಹೋಟೆಲ್ ಮುಖ ನೋಡದೆ ಉಳಿಸಿದ್ದು. ‘ಅಪ್ಪನ ಕಣ್ಣಿಗಿಲ್ಲದ ದುಡ್ಡು ತಂತಿಗೆ ಬಂತಾ’ ಅಂತ ಬರೆದಿದ್ದೀಯಲ್ಲ, ಅದು ಚುಚ್ಚಿತು. ಕಣ್ಣಿನ ಆಪರೇಷನ್ ದುಡ್ಡು ಬೇರೆ ಇಟ್ಟಿದ್ದೇನೆ. ಮುಟ್ಟಿಲ್ಲ.

ಇಲ್ಲಿ ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ಭಾನುವಾರ ಗೋಡೆಗೆ ಡ್ರಿಲ್ ಹಾಕುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿ ತೊಟ್ಟಿಗೆ ಎಸೆಯುವಂತೆಯೂ ಇಲ್ಲ! ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ ಬೆಳಗಿನ ಜಾವದವರೆಗೆ ಮೈಕಿನಲ್ಲಿ ನಡೆಯುತ್ತದೆ ಅಂದರೆ ಕೆಳಗಿನ ಮನೆ ಅಜ್ಜಿ ನಂಬಲೇ ಇಲ್ಲ. ಅದಕ್ಕೇ ಈ ಗಿಟಾರ್. ಇದಕ್ಕೆ ಹೊಟ್ಟೆಯೇ ಇಲ್ಲ, ಬರೀ ಗಟ್ಟಿ ಮರ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದಕ್ಕೆ ಕೂದಲೆಳೆಯಂಥ ತಾಮ್ರದ ಸುತ್ತು. ತಂತಿ ನಡುಗಿದರೆ ಸಣ್ಣ ಕರೆಂಟ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ಜೋರು ಮಾಡುತ್ತದೆ. ಹೆಡ್‌ಫೋನ್ ಸಿಕ್ಕಿಸಿದರೆ ನನ್ನ ಕಿವಿಯಲ್ಲಿ ಜಾತ್ರೆ, ಅಜ್ಜಿಗೆ ಸುಖನಿದ್ದೆ.

ಅಪ್ಪನಿಗೆ ಇದನ್ನು ಓದಿ ಹೇಳು. ಆರು ತಂತಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ, ದಪ್ಪ ತಂತಿಯಿಂದ ಶುರು ಮಾಡಿದರೆ ಬಿಳಿ ಮೂರು, ಬಿಳಿ ಆರು, ಬಿಳಿ ಎರಡು, ಬಿಳಿ ಐದು, ಬಿಳಿ ಏಳು, ಕೊನೆಗೆ ಮತ್ತೆ ಬಿಳಿ ಮೂರು. ಒಂದೂ ಕಪ್ಪು ಮನೆ ಇಲ್ಲ. ಹಾರ್ಮೋನಿಯಂ ಮೇಷ್ಟ್ರಿಗೆ ಇಷ್ಟು ಸಾಕು. ಸ್ವರದಿಂದ ಸ್ವರಕ್ಕೆ ಜಾರೋಕಾಗಲ್ಲ ಅಂತಲೇ ಅಲ್ವಾ ರೇಡಿಯೋದವರು 1940ರಲ್ಲಿ ಹಾರ್ಮೋನಿಯಂ ಹೊರಗಿಟ್ಟಿದ್ದು? ಅಪ್ಪನಿಗೆ ಇನ್ನೂ ಆ ಸಿಟ್ಟಿದೆ. ಇದರಲ್ಲಿ ತಂತಿಯನ್ನು ಬೆರಳಿಂದ ಪಕ್ಕಕ್ಕೆ ಎಳೆದರೆ ಸಾಕು, ಸ್ವರ ಬೆಣ್ಣೆಯ ಹಾಗೆ ಜಾರುತ್ತದೆ. ನಿನ್ನೆ ಅಪ್ಪ ಹೇಳಿಕೊಟ್ಟಿದ್ದ ಕೃಷ್ಣನ ಕಂದಪದ್ಯ ನುಡಿಸಿದೆ. ಅರ್ಧ ಅಪಸ್ವರ. ಬೆರಳ ತುದಿ ಸುಲಿದಿದೆ. ಆದರೂ ಎಂಥ ಖುಷಿ ಅಂತೀಯ!

ಆದರೆ ಪತ್ರದ ಕೊನೆಯಲ್ಲಿ ನೀನು ಸುಮ್ನೆ ಹೇಳಿ ಮುಗಿಸಿದ ಮಾತು ನಿದ್ದೆ ಕೆಡಿಸಿದೆ. ಪೊರೆ ಬಂದ ಕಣ್ಣಿಟ್ಟುಕೊಂಡು ಅಪ್ಪ ಏಣಿ ಹತ್ತಿ ಅಟ್ಟದ ಕಾಯಿ ಅಲ್ಲಾಡಿಸಿ ನೋಡುತ್ತಾರಾ? ಕೊಬ್ಬರಿ ತಿಪಟೂರಿಗೆ ಹೋದ ಮೇಲೆಯೇ ಆಪರೇಷನ್ ಅಂದರಾ? ಈ ಕಾಯಿ ಅಟ್ಟಕ್ಕೆ ಹಾಕಿದ್ದು ದೀಪಾವಳಿಗೆ. ಉಂಡೆ ಕೊಬ್ಬರಿ ಆಗೋಕೆ ಹೆಚ್ಚೂಕಡಿಮೆ ವರ್ಷ ಬೇಕು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯಾ ಅಂತ ತಿಳಿಯೋಕೆ ಅಪ್ಪನ ಕಿವಿ ಸಾಕು, ಒಪ್ಪಿದೆ. ಏಣಿ ಮೆಟ್ಟಿಲಿಗೆ ಕಣ್ಣು ಬೇಡವಾ?

ಆಪರೇಷನ್ ಏನೂ ದೊಡ್ಡದಲ್ಲ. ಮಸುಕಾದ ಲೆನ್ಸ್ ತೆಗೆದು ಹೊಸದು ಕೂರಿಸುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಅವತ್ತೇ ಮನೆಗೆ ಬರಬಹುದು. ಆಮೇಲೆ ಕೆಲವು ವಾರ ಡ್ರಾಪ್ಸ್ ಹಾಕಬೇಕು, ಕಣ್ಣಿಗೆ ನೀರು ಬೀಳಬಾರದು, ಭಾರ ಎತ್ತಬಾರದು. ಅಷ್ಟೇ. ಭಯ ಬೇಡ. ನನಗೂ ಭಯ ಇಲ್ಲ. ಒಂಚೂರೂ ಇಲ್ಲ.

ದುಡ್ಡು ನಾಳೆ ಲತಾ ಖಾತೆಗೆ ಹಾಕುತ್ತೇನೆ. ತುಮಕೂರಿಗೆ ಮಂಜನ ಕಾರಿನಲ್ಲಿ ಕರ್ಕೊಂಡು ಹೋಗಿ, ಬಸ್ಸು ಬೇಡ. ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸ್ತೀವಿ ಅಂದರೆ ಹೊರಟಾರು. ಆ ಏಣಿಯನ್ನು ಇವತ್ತೇ ಚಿಕ್ಕಪ್ಪನ ಮನೆಗೆ ಸಾಗಿಸು.

ಹುಡುಗಿ ಫೋಟೋ ನೋಡಿದೆ, ಅದು ಇನ್ನೊಂದು ಪತ್ರದಲ್ಲಿ. ಬೆಳಿಗ್ಗೆ ಐದೂವರೆಗೆ ಟ್ರೈನು.

ನಿನ್ನ
ರವಿ

ಏಣಿ ಮರೀಬೇಡ.