ಸ್ಪ್ಯಾನಿಷ್‌ನ ಪ್ರೀತಿಗೆ ಕನ್ನಡದ ದಾರಿಯೇ ಹತ್ತಿರ

ಮಾನ್ಯ ಸಂಪಾದಕರೇ,

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರು ಮೊಬೈಲ್ ಆ್ಯಪ್ ಹಿಡಿದು ಸ್ಪ್ಯಾನಿಷ್ ಕಲಿಯುತ್ತಿರುವುದು ಸಂತೋಷದ ವಿಷಯ. 20 ದೇಶಗಳ ಆಡಳಿತ ಭಾಷೆ ಅದು, ಕಲಿತದ್ದು ವ್ಯರ್ಥವಾಗುವುದಿಲ್ಲ. ಆದರೆ ಪಾಠಗಳು ಹೆಚ್ಚಾಗಿ ಇಂಗ್ಲಿಷ್ ಮೂಲಕವೇ ಬರುತ್ತವೆ. ಹಾಗಾಗಿ ಪ್ರೀತಿ, ಅಕ್ಕರೆಯ ಮಾತಿನ ಹತ್ತಿರ ಬಂದಾಗ ಕಲಿಯುವವರು ಎಡವುತ್ತಾರೆ. 'ಐ ಲವ್ ಯೂ' ಎಂಬ ಒಂದೇ ವಾಕ್ಯವನ್ನು ತಲೆಯಲ್ಲಿಟ್ಟುಕೊಂಡು ಅದಕ್ಕೆ ಸ್ಪ್ಯಾನಿಷ್‌ನಲ್ಲಿ ಒಂದೇ ಉತ್ತರ ಹುಡುಕುತ್ತಾರೆ. ಸಿಗುವುದು 'ತೆ ಆಮೊ'. ಅದನ್ನೇ ಗೆಳತಿಗೂ, ಗೆಳೆಯನ ಅಮ್ಮನಿಗೂ, ಪರಿಚಯವಾಗಿ ವಾರವಾಗದವರಿಗೂ ಬರೆದು ಕಳಿಸುತ್ತಾರೆ. ಕನ್ನಡದ ಮೂಲಕ ಹೋದರೆ ಈ ತಪ್ಪುಗಳಲ್ಲಿ ಮುಕ್ಕಾಲು ಪಾಲು ಆಗುವುದೇ ಇಲ್ಲ ಎಂದು ತೋರಿಸಲು ಈ ಪತ್ರ.

ಮೊದಲು ಮೆಟ್ಟಿಲುಗಳು. ಒಬ್ಬರ ಸ್ವಭಾವ ಇಷ್ಟವಾಯಿತು, ಅಷ್ಟೇ ಎಂದಾದರೆ 'ಮೆ ಕಾಎಸ್ ಬ್ಯೆನ್'. ಮನಸ್ಸು ಅವರ ಕಡೆ ವಾಲಿದೆ ಎಂದರೆ 'ಮೆ ಗುಸ್ತಾಸ್'. ಇದು ಪ್ರೇಮದ ಸೂಚನೆ, ಸಹೋದ್ಯೋಗಿಗೆ ಹೇಳುವ ಮಾತಲ್ಲ. 'ತೆ ಕ್ಯೆರೊ' ಎಂಬುದು ಅಪ್ಪ, ಅಮ್ಮ, ತಂಗಿ, ಆಪ್ತ ಸ್ನೇಹಿತ, ಗಂಡ, ಹೆಂಡತಿ ಎಲ್ಲರಿಗೂ ಸಲ್ಲುವ ಮಾತು. 'ತೆ ಆಮೊ' ಎಲ್ಲಕ್ಕಿಂತ ಭಾರದ್ದು. ಸ್ಪೇನ್‌ನಲ್ಲಿ ದಿನನಿತ್ಯದ ಮಾತಿಗೆ ಅದು ಧಾರಾವಾಹಿಯ ಸಂಭಾಷಣೆಯಂತೆ ಕೇಳಿಸುತ್ತದೆ, ಅಲ್ಲಿ ಗಂಡ ಹೆಂಡತಿಯೂ 'ತೆ ಕ್ಯೆರೊ' ಎನ್ನುವುದೇ ಹೆಚ್ಚು. ಮೆಕ್ಸಿಕೊದಲ್ಲಿ ಅಷ್ಟು ಬಿಗಿ ಇಲ್ಲ, ಹೆತ್ತವರು ಮಕ್ಕಳಿಗೂ 'ತೆ ಆಮೊ' ಎನ್ನುತ್ತಾರೆ. ಇನ್ನೊಂದು ಸೂಕ್ಷ್ಮವಿದೆ: 'ತೆ ಕ್ಯೆರೊ'ಗೆ 'ತುಂಬಾ' ಎಂಬರ್ಥದ 'ಮೂಚೊ' ಸೇರಿಸಿದರೆ ಪ್ರೇಮ ಹೆಚ್ಚುವುದಿಲ್ಲ. ಎಷ್ಟೋ ಸಲ ಅದು ಸ್ನೇಹದ, ಮನೆಯವರ ಅಕ್ಕರೆಯ ಕಡೆಗೇ ವಾಲುತ್ತದೆ.

ಈಗ 'ಮೆ ಗುಸ್ತಾಸ್' ಒಳಗೆ ನೋಡಿ. ಇಂಗ್ಲಿಷ್‌ನಲ್ಲಿ ಯೋಚಿಸುವವರು 'ನಾನು' ಎಂಬುದನ್ನೇ ಕರ್ತೃ ಮಾಡಿಕೊಂಡು 'ಯೊ ಗುಸ್ತೊ' ಎಂದು ಶುರು ಮಾಡಿ ಸಿಕ್ಕಿಬೀಳುತ್ತಾರೆ. ನಮ್ಮ ಮನೆಗಳಲ್ಲಿ ಹೆಣ್ಣು ನೋಡಿ ಬಂದ ಮೇಲೆ ಏನು ಕೇಳುತ್ತೇವೆ? 'ಹುಡುಗಿ ಹಿಡಿಸಿದಳಾ?' ಹುಡುಗನಾದರೆ 'ಹಿಡಿಸಿದನಾ?' ಊಟವಾದರೆ 'ಹಿಡಿಸಿತಾ?' ಇಷ್ಟಪಡುವವರು 'ನನಗೆ' ಆಗಿ ಪಕ್ಕಕ್ಕೆ ನಿಲ್ಲುತ್ತಾರೆ, ಕ್ರಿಯಾಪದ ಇಷ್ಟವಾದವರ ಜೊತೆ ಹೊಂದಿಕೊಳ್ಳುತ್ತದೆ. ಸ್ಪ್ಯಾನಿಷ್‌ನ 'ಗುಸ್ತಾರ್' ಥೇಟ್ ನಮ್ಮ 'ಹಿಡಿಸು'. 'ಮೆ' ಅಂದರೆ 'ನನಗೆ'. 'ಗುಸ್ತಾಸ್' ಕೊನೆಯ 'ಸ್' ಅಂದರೆ 'ನೀನು'. 'ಅವಳು' ಅಥವಾ 'ಅವನು' ಎಂದಾದರೆ 'ಗುಸ್ತಾ', 'ಅವರು' ಎಂದು ಹಲವರಾದರೆ 'ಗುಸ್ತಾನ್'. 'ಮೆ ಗುಸ್ತಾ ತೂ' ಎಂಬ ಸಾಮಾನ್ಯ ತಪ್ಪು 'ನನಗೆ ನೀನು ಹಿಡಿಸಿತು' ಎಂದಷ್ಟೇ ಒರಟು. ಉತ್ತರ ಕೊಡುವಾಗಲೂ ಎಚ್ಚರ ಬೇಕು. 'ತೆ ಕ್ಯೆರೊ' ಎಂದವರಿಗೆ 'ಯೊ ತಂಬ್ಯೆನ್' ಅಂದರೆ 'ನಾನೂ' ಎನ್ನಬಹುದು. 'ಮೆ ಗುಸ್ತಾಸ್' ಎಂದವರಿಗೆ ಅದು ಹೊಂದುವುದಿಲ್ಲ, 'ಈ ತೂ ಆ ಮೀ' ಎನ್ನಬೇಕು, 'ನನಗೂ ನೀನು' ಎಂದ ಹಾಗೆ.

ಇಂಗ್ಲಿಷ್ ಮೂಲಕ ಕಲಿತವರನ್ನು ವರ್ಷಗಟ್ಟಲೆ ಕಾಡುವ ಇನ್ನೊಂದು ಪುಟ್ಟ ಅಕ್ಷರವಿದೆ, 'ಆ'. ಪ್ರೀತಿಸುವುದು ನಿರ್ದಿಷ್ಟ ವ್ಯಕ್ತಿಯನ್ನಾದರೆ ಆ ಹೆಸರಿನ ಮುಂದೆ ಇದು ಬರಲೇಬೇಕು. ಕನ್ನಡದಲ್ಲಿ 'ಅಡಿಕೆ ಒಣಗಿಸಿದೆವು' ಎಂದರೆ ಸಾಕು, 'ಅನ್ನು' ಬೇಡ. 'ತಂಗಿ ಕರೆದೆವು' ಎನ್ನಲಾಗುತ್ತದೆಯೇ? 'ತಂಗಿಯನ್ನು' ಎನ್ನಲೇಬೇಕು. ಸ್ಪ್ಯಾನಿಷ್‌ನ 'ಆ' ಈ ಕೆಲಸವನ್ನೇ ಮಾಡುತ್ತದೆ. ಬಿಟ್ಟರೆ ಅರ್ಥವೇ ಬದಲಾಗಬಹುದು, ಏಕೆಂದರೆ 'ಕ್ಯೆರೊ' ಎಂಬುದಕ್ಕೆ 'ಬೇಕು' ಎಂಬ ಅರ್ಥವೂ ಇದೆ. 'ಕ್ಯೆರೊ ಉನ್ ಮೇದಿಕೊ' ಎಂದರೆ ಯಾರಾದರೂ ಒಬ್ಬ ಡಾಕ್ಟರು ಬೇಕು. 'ಕ್ಯೆರೊ ಆ ಉನ್ ಮೇದಿಕೊ' ಎಂದರೆ ಒಬ್ಬ ಡಾಕ್ಟರನ್ನು ಪ್ರೀತಿಸುತ್ತಿದ್ದೇನೆ. ಮನೆಯ ನಾಯಿಗೂ ಈ 'ಆ' ಸಲ್ಲುತ್ತದೆ.

'ನಿನ್ನ ಪ್ರೀತಿಯಲ್ಲಿ ಬಿದ್ದಿದ್ದೇನೆ' ಎನ್ನಲು 'ಎಸ್ತೊಯ್ ಎನಮೊರಾದೊ ದೆ ತಿ'. 'ದೆ' ಜಾಗದಲ್ಲಿ 'ಜೊತೆ' ಎಂಬರ್ಥದ 'ಕೊನ್' ಹಾಕುವುದು ಇಂಗ್ಲಿಷ್‌ನಿಂದ ಬಂದ ತಪ್ಪು. ಹೇಳುವವಳು ಹೆಣ್ಣಾದರೆ 'ಎನಮೊರಾದಾ', ಕೇಳುವವರು ಯಾರೇ ಇರಲಿ. ನಮ್ಮ 'ಮರುಳಾದವನು', 'ಮರುಳಾದವಳು' ನೆನಪಿಟ್ಟುಕೊಂಡರೆ ಸಾಕು.

ಉಚ್ಚಾರದಲ್ಲಂತೂ ಕನ್ನಡಿಗರಿಗೆ ಹುಟ್ಟಿನಿಂದ ಬಂದ ಅನುಕೂಲವಿದೆ. ಅದನ್ನು ಬಿಟ್ಟು ಇಂಗ್ಲಿಷ್ ಧಾಟಿಯಲ್ಲಿ 'ಟೆ' ಎನ್ನುವುದನ್ನು ಕೇಳಿದರೆ ಬೇಸರವಾಗುತ್ತದೆ. ಅದು ಹಲ್ಲಿಗೆ ತಾಗುವ ನಮ್ಮ 'ತ', ಮಹಾಪ್ರಾಣ ಬೇಡ. 'ಕ್ಯೆರೊ'ದ 'ರ' ನಮ್ಮ ಒಂದು ತಟ್ಟಿನ 'ರ'. ವರ್ಣಮಾಲೆಯಲ್ಲಿ ಕಲಿತು ಆಮೇಲೆ ಮರೆತ 'ಞ' ಇಲ್ಲಿ ಕೆಲಸಕ್ಕೆ ಬರುತ್ತದೆ: ಅಕ್ಕರೆ ಎಂಬ ಪದ 'ಕರೀಞೊ'. ರೋಮನ್ ಲಿಪಿಯಲ್ಲಿ 'ವ' ಎಂದು ಕಂಡರೂ ಓದುವುದು 'ಬ', ಹಾಗಾಗಿ 'ನನ್ನ ಜೀವ' ಎಂಬುದು 'ಮಿ ಬೀದಾ'. ಬರೆಯುವಾಗ ಸ್ವರದ ಮೇಲಿನ ಓರೆಗೆರೆಯನ್ನು ಅಲಂಕಾರ ಎಂದುಕೊಳ್ಳಬೇಡಿ. 'ತೆ' ಮೇಲೆ ಗೆರೆ ಎಳೆದರೆ 'ನಿನ್ನನ್ನು' ಹೋಗಿ ಚಹಾ ಆಗುತ್ತದೆ. 'ಪಪಾ' ಕೊನೆಯ ಗೆರೆ ಬಿಟ್ಟರೆ ಒತ್ತು ಮೊದಲಕ್ಷರಕ್ಕೆ ಬಂದು, ಲ್ಯಾಟಿನ್ ಅಮೆರಿಕದಲ್ಲಿ ಅಪ್ಪ ಆಲೂಗಡ್ಡೆಯಾಗುತ್ತಾನೆ.

'ನೀನು', 'ನೀವು' ವ್ಯತ್ಯಾಸ ನಮಗೆ ಗೊತ್ತಿರುವುದೇ: 'ತೂ', 'ಉಸ್ತೆದ್'. ಆದರೆ 'ಉಸ್ತೆದ್' ಎಂದರೆ ಯಾವಾಗಲೂ ದೂರ ಎಂದು ಪಾಠಗಳು ಕಲಿಸುತ್ತವೆ. ಕೊಲಂಬಿಯಾದ ಬೊಗೋತಾ ಸುತ್ತಮುತ್ತ ಗಂಡ ಹೆಂಡತಿ ಪರಸ್ಪರ 'ಉಸ್ತೆದ್' ಎನ್ನುವುದುಂಟು. 'ರೀ' ಎಂದು ಗಂಡನನ್ನು ಕರೆಯುವ ಮನೆಗಳಲ್ಲಿ ಬೆಳೆದವರಿಗೆ ಆ ಬಹುವಚನದಲ್ಲಿರುವ ಸಲಿಗೆಯನ್ನು ವಿವರಿಸಬೇಕಾಗಿಲ್ಲ. ಆಗ 'ತೆ ಕ್ಯೆರೊ' ಹೋಗಿ ಹೆಂಗಸಿಗೆ 'ಲಾ ಕ್ಯೆರೊ', ಗಂಡಸಿಗೆ 'ಲೊ ಕ್ಯೆರೊ' ಆಗುತ್ತದೆ. ಅರ್ಜೆಂಟೀನಾದವರು 'ತೂ' ಬದಲು 'ಬೋಸ್' ಎನ್ನುತ್ತಾರೆ, ಆದರೂ 'ತೆ ಕ್ಯೆರೊ' ಹಾಗೇ ಉಳಿಯುತ್ತದೆ.

ಮುದ್ದಿನ ಹೆಸರುಗಳು ಬೇಕಾದಷ್ಟಿವೆ. ನಮ್ಮ 'ಚಿನ್ನ', 'ಬಂಗಾರ'ದ ಹತ್ತಿರದ್ದು 'ತೆಸೋರೊ', ಅಂದರೆ ನಿಧಿ. 'ಸ್ಯೇಲೊ' ಎಂದರೆ ಆಕಾಶ. 'ಮಿ ರೇಯ್', 'ಮಿ ರೇಯ್ನಾ' ಎಂದರೆ ನನ್ನ ರಾಜ, ನನ್ನ ರಾಣಿ. ಮಲೆನಾಡಿನ 'ಮಾರಾಯ', 'ಮಾರಾಯ್ತಿ'ಯ ಮೂಲವೂ 'ಮಹಾರಾಯ'ನೇ, ಆದರೆ ನಮ್ಮದರಲ್ಲಿ ಸಲಿಗೆ ಹೆಚ್ಚು, ಅವರದರಲ್ಲಿ ಮುದ್ದು ಹೆಚ್ಚು. 'ಪುಟ್ಟ' ಸೇರಿಸಿದಂತೆ ಹೆಸರಿನ ಕೊನೆಗೆ 'ಈತೊ', 'ಈತಾ' ಬರುತ್ತದೆ: ಅಜ್ಜಿ 'ಅಬ್ವೇಲಾ' ಆದರೆ 'ಅಬ್ವೆಲೀತಾ' ಮುದ್ದಿನ ಅಜ್ಜಿ. 'ರ್', 'ನ್' ಕೊನೆಯಾದ ಪದಕ್ಕೆ ಸಾಮಾನ್ಯವಾಗಿ 'ಸೀತೊ': 'ಅಮೊರ್' ಹೋಗಿ 'ಅಮೊರ್‌ಸೀತೊ'. ಒಂದು ಎಚ್ಚರಿಕೆ: ಪ್ರಿಯತಮೆ ಎಂದು ನಿಘಂಟಿನಲ್ಲಿ ಕಂಡ 'ಅಮಾಂತೆ' ಬಳಸಬೇಡಿ, ಅದಕ್ಕೆ ಕದ್ದುಮುಚ್ಚಿದ ಸಂಬಂಧದ ವಾಸನೆ ಇದೆ. 'ನೋಬ್ಯೊ', 'ನೋಬ್ಯಾ' ಎನ್ನಿ. 'ಕೆರೀದಾ' ಪತ್ರದ ಆರಂಭದಲ್ಲಿ 'ಪ್ರೀತಿಯ' ಎಂಬ ಅರ್ಥ ಕೊಡುತ್ತದೆ, 'ಲಾ ಕೆರೀದಾ' ಎಂದರೆ ಇಟ್ಟುಕೊಂಡವಳು.

ನಮ್ಮಲ್ಲಿ ಎಷ್ಟು ಜನ ಅಮ್ಮನಿಗೆ 'ಪ್ರೀತಿಸುತ್ತೇನೆ' ಎಂದಿದ್ದೇವೆ? 'ಊಟ ಆಯ್ತಾ?' ಎನ್ನುತ್ತೇವೆ. ಆ ಪ್ರೀತಿಗೂ ಸ್ಪ್ಯಾನಿಷ್‌ನಲ್ಲಿ ಜಾಗವಿದೆ. ಮೆಕ್ಸಿಕೊದವರು 'ಯಾ ಕೊಮಿಸ್ತೆ?' ಎಂದು ಕೇಳುತ್ತಾರೆ. ಆಗುಂಬೆ ಘಾಟಿ ಇಳಿಯುವ ಬಸ್ಸು ಹತ್ತಿದವರಿಗೆ ನಾವು 'ತಲುಪಿದ ಮೇಲೆ ಫೋನ್ ಮಾಡು' ಎನ್ನುವ ಹಾಗೆ 'ಅಬೀಸಮೆ ಕ್ವಾಂದೊ ಯೇಗೆಸ್'. ಇನ್ನೂ ತಲುಪಿಲ್ಲವಾದ್ದರಿಂದ 'ಯೇಗಾಸ್' ಅಲ್ಲ, 'ಯೇಗೆಸ್'. 'ಕ್ವೀದತೆ' ಎಂದರೆ 'ಹುಷಾರು'. ಹುಷಾರಿಲ್ಲದವರಿಗೆ 'ಕೆ ತೆ ಮೆಹೋರೆಸ್', ಬೇಗ ಗುಣವಾಗಲಿ.

ಜಿಲ್ಲೆಯಲ್ಲಿ ಸ್ಪ್ಯಾನಿಷ್ ಪಾಠ ಹೇಳುವ ಎಲ್ಲರಲ್ಲೂ ನಮ್ಮ ಕೋರಿಕೆ ಇಷ್ಟೇ: ಮೊದಲ ವಾರವೇ ಬೋರ್ಡಿನ ಮೇಲೆ 'ಹಿಡಿಸು' ಮತ್ತು 'ಅನ್ನು' ಎರಡನ್ನೂ ಬರೆಯಿರಿ, ಪಕ್ಕದಲ್ಲಿ 'ಗುಸ್ತಾರ್' ಮತ್ತು 'ಆ' ಬರೆಯಿರಿ. 'ತೆ ಆಮೊ' ಆಮೇಲೆ ಕಲಿಸಿದರಾಯಿತು.

— ಸ್ಪ್ಯಾನಿಷ್ ಪಾಠ ಹೇಳುವ ಇಬ್ಬರು, ಸಾಗರ ರಸ್ತೆ, ಶಿವಮೊಗ್ಗ