ಊರೊಳಗೆ ಹೈಬ್ರಿಡ್, ಘಾಟಿಗೆ ಡೀಸೆಲ್: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಬರುವ ಯುಗಾದಿಯಿಂದ ನಮ್ಮ ಸಂಘದ ಗಾಡಿಗಳು ಬದಲಾಗುತ್ತಿವೆ. ಮೈಸೂರಿನೊಳಗಿನ ಓಡಾಟಕ್ಕೆ ಮತ್ತು ಬೆಂಗಳೂರು ಏರ್‌ಪೋರ್ಟ್ ಟ್ರಿಪ್‌ಗೆ ಇನ್ನು ಮುಂದೆ ಪೆಟ್ರೋಲ್ ಹೈಬ್ರಿಡ್ ಗಾಡಿ, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ ಮತ್ತು ಕರೆಂಟ್ ಮೋಟಾರೂ ಇರುವ ಗಾಡಿ ಬರುತ್ತದೆ. ಹಳೆಯ ಬಿಎಸ್-4 ಡೀಸೆಲ್ ಗಾಡಿಗಳನ್ನು ಪೂರ್ತಿ ಕೈಬಿಡುತ್ತಿದ್ದೇವೆ. (ಬಿಎಸ್ ಎಂದರೆ ಗಾಡಿ ಎಷ್ಟು ಹೊಗೆ ಬಿಡಬಹುದು ಎಂಬ ಸರ್ಕಾರದ ಮಿತಿ; ಅಂಕಿ ದೊಡ್ಡದಾದಷ್ಟೂ ಮಿತಿ ಬಿಗಿ.) ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಅವು ಮಡಿಕೇರಿ, ಊಟಿ, ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟದಂಥ ದೂರದ ದಾರಿಗೆ. ಕಿಲೋಮೀಟರ್ ದರ ಏರಿಸಿಲ್ಲ. ಎಸಿ ಹಾಕಿಕೊಂಡು ಕಾಯುವುದಕ್ಕೆ ತೆಗೆದುಕೊಳ್ಳುತ್ತಿದ್ದ ಹೆಚ್ಚುವರಿ ಹಣ ಊರೊಳಗಿನ ಟ್ರಿಪ್‌ಗಳಿಗೆ ಇನ್ನು ಇರುವುದಿಲ್ಲ.

"ಡೀಸೆಲ್ ಅಗ್ಗ ಅಲ್ವಾ, ಅದನ್ಯಾಕೆ ಬಿಡ್ತೀರಿ?" ಎಂದು ಹಲವರು ಕೇಳಿದ್ದೀರಿ. ಒಂದು ಕಾಲಕ್ಕೆ ನಿಜವಾಗಿಯೂ ಅಗ್ಗವಿತ್ತು. ಪೆಟ್ರೋಲ್ ಬೆಲೆಯ ಮೇಲಿನ ಹಿಡಿತವನ್ನು ಕೇಂದ್ರ ಸರ್ಕಾರ 2010ರ ಜೂನ್‌ನಲ್ಲೇ ಬಿಟ್ಟಿತು. ಡೀಸೆಲ್ ಬೆಲೆಯನ್ನು ಮಾತ್ರ 2014ರ ಅಕ್ಟೋಬರ್‌ವರೆಗೆ ತಡೆದು ಹಿಡಿದಿತ್ತು. ಆ ವರ್ಷಗಳಲ್ಲಿ ಎರಡರ ನಡುವೆ ದೊಡ್ಡ ಅಂತರ ಬಂತು. ಬಾಡಿಗೆ ಗಾಡಿ ಎಂದರೆ ಡೀಸೆಲ್ ಎಂಬ ರೂಢಿ ಗಟ್ಟಿಯಾಗಿದ್ದು ಆಗಲೇ. ಈಗ ಆ ಅಂತರ ಬಹಳಷ್ಟು ಕರಗಿದೆ. 2025ರ ಏಪ್ರಿಲ್ 1ರಂದು ನಮ್ಮ ರಾಜ್ಯ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 21.17 ಪರ್ಸೆಂಟಿಗೆ ಏರಿಸಿತು. ಆಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ ಸುಮಾರು 91 ರೂಪಾಯಿ, ಪೆಟ್ರೋಲ್ ಸುಮಾರು 103 ರೂಪಾಯಿ ಆಯಿತು. ಕೆಳಗಿನ ಲೆಕ್ಕಕ್ಕೆ ಈ ದರಗಳನ್ನೇ ಹಿಡಿದಿದ್ದೇವೆ.

ಏಳು ಸೀಟಿನ ಗಾಡಿಯನ್ನೇ ನೋಡೋಣ. ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ಗೆ ಕಂಪನಿ ಹೇಳುವ ಮೈಲೇಜ್ ಲೀಟರಿಗೆ 23.24 ಕಿಲೋಮೀಟರ್. ಅದೇ ಗಾಡಿಯ ಬರೀ ಪೆಟ್ರೋಲ್ ಮಾದರಿಗೆ 16.13. ಇವು ಪರೀಕ್ಷೆಯಲ್ಲಿ ಬಂದ ಅಂಕಿಗಳು, ಸಯ್ಯಾಜಿರಾವ್ ರಸ್ತೆಯಲ್ಲಿ ಬರುವವಲ್ಲ. ಹಾಗಾಗಿ ಕೈ ಬಿಗಿಹಿಡಿದೇ ಲೆಕ್ಕ ಹಾಕೋಣ. ಊರೊಳಗೆ ಹೈಬ್ರಿಡ್‌ಗೆ 17, ಅಷ್ಟೇ ದೊಡ್ಡ ಡೀಸೆಲ್ ಗಾಡಿಗೆ 11, ಪೆಟ್ರೋಲ್‌ಗೆ 9 ಎಂದು ಇಟ್ಟುಕೊಳ್ಳಿ. ಆಗ ಒಂದು ಕಿಲೋಮೀಟರಿಗೆ ಹೈಬ್ರಿಡ್ ಸುಮಾರು 6 ರೂಪಾಯಿಯ ಇಂಧನ ಕುಡಿಯುತ್ತದೆ. ಡೀಸೆಲ್‌ಗೆ 8 ರೂಪಾಯಿ 30 ಪೈಸೆ. ಪೆಟ್ರೋಲ್‌ಗೆ 11 ರೂಪಾಯಿ 40 ಪೈಸೆ.

ಹೆದ್ದಾರಿಯಲ್ಲಿ ಚಿತ್ರ ಬೇರೆ. ಅಲ್ಲಿ ಡೀಸೆಲ್‌ಗೆ 14, ಹೈಬ್ರಿಡ್‌ಗೆ 16 ಹಿಡಿದರೆ ಎರಡರ ಖರ್ಚೂ ಆರೂವರೆ ರೂಪಾಯಿ ಹತ್ತಿರ ಬಂದು ನಿಲ್ಲುತ್ತದೆ. ಇದಕ್ಕೆ ಕಾರಣವಿದೆ. ಹೈಬ್ರಿಡ್ ಗಾಡಿ ಉಳಿತಾಯ ಮಾಡುವುದು ಬ್ರೇಕ್ ಹಾಕಿದಾಗ. ಬ್ರೇಕ್ ಒತ್ತಿದರೆ ಅದರ ಮೋಟಾರು ಡೈನಮೋ ಆಗಿ ತಿರುಗಿ ಬ್ಯಾಟರಿ ತುಂಬಿಸುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ನಿಲ್ಲುತ್ತದೆ. ಮತ್ತೆ ಹೊರಡುವಾಗ ಮೋಟಾರೇ ಎಳೆಯುತ್ತದೆ. ನಿಲ್ಲದೆ ನೂರರ ವೇಗದಲ್ಲಿ ಓಡುವ ಹೆದ್ದಾರಿಯಲ್ಲಿ ಈ ಆಟಕ್ಕೆ ಜಾಗವೇ ಇಲ್ಲ. ಏರ್‌ಪೋರ್ಟ್ ಟ್ರಿಪ್‌ಗೂ ಹೈಬ್ರಿಡ್ ಯಾಕೆ ಎಂದರೆ, ಕೆಂಗೇರಿ ದಾಟಿದ ಮೇಲೆ ಬೆಂಗಳೂರಿನ ಟ್ರಾಫಿಕ್ ಏನು ಎಂದು ನಿಮಗೇ ಗೊತ್ತು. ಅಂದ ಹಾಗೆ, ಈ ಗಾಡಿ ತಯಾರಾಗುವುದೂ ನಮ್ಮ ಬಿಡದಿಯಲ್ಲೇ.

ಈ ಗಾಡಿಯನ್ನು ಪ್ಲಗ್‌ಗೆ ಹಾಕಿ ಚಾರ್ಜ್ ಮಾಡಬೇಕಾಗಿಲ್ಲ. ಬ್ಯಾಟರಿ ತೀರಾ ಚಿಕ್ಕದು, ಎರಡು ಯೂನಿಟ್ ಕರೆಂಟೂ ಹಿಡಿಸುವುದಿಲ್ಲ. ಎಸಿ ನಡೆಯುವುದೂ ಇದೇ ಬ್ಯಾಟರಿಯಿಂದ. ಆಸ್ಪತ್ರೆ ಮುಂದೆ, ಮದುವೆ ಛತ್ರದ ಮುಂದೆ ನಿಮಗಾಗಿ ಕಾಯುವಾಗ ಎಂಜಿನ್ ಬಹುಪಾಲು ಸುಮ್ಮನಿರುತ್ತದೆ. ಬ್ಯಾಟರಿ ಇಳಿದಾಗ ತಾನೇ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಗಾಬರಿ ಬೇಡ, ಅದು ಕೆಟ್ಟಿದ್ದಲ್ಲ. ಕಾಯುವ ಹಣ ತೆಗೆದಿದ್ದಕ್ಕೂ ಇದೇ ಕಾರಣ.

ಹಣಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಶಾಲೆಯ ಗೇಟಿನಲ್ಲಿ ಸಾಲಾಗಿ ನಿಂತ ಗಾಡಿಗಳ ಸೈಲೆನ್ಸರ್ ದೊಡ್ಡವರಿಗಿಂತ ಚಿಕ್ಕ ಮಕ್ಕಳ ಮುಖಕ್ಕೇ ಹತ್ತಿರ. ದಿನವಿಡೀ ಸ್ಟ್ಯಾಂಡಿನಲ್ಲಿ ಅದೇ ಗಾಳಿ ಕುಡಿಯುವ ನಮ್ಮ ಚಾಲಕರ ಎದೆಯೂ ಎದೆಯೇ. ನೈಟ್ರೋಜನ್ ಆಕ್ಸೈಡ್ ಎಂಬ, ಉಸಿರಾಟಕ್ಕೆ ತೊಂದರೆ ಕೊಡುವ ಅನಿಲಕ್ಕೆ ಬಿಎಸ್-4 ಡೀಸೆಲ್ ಕಾರುಗಳಲ್ಲಿ ಕಿಲೋಮೀಟರಿಗೆ 250 ಮಿಲಿಗ್ರಾಂ ತನಕ ಅವಕಾಶವಿತ್ತು. 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್-6 ಅದನ್ನು 80ಕ್ಕೆ ಇಳಿಸಿತು. ಪೆಟ್ರೋಲ್‌ಗೆ 60. ಹಳೆಯ ಗಾಡಿಗಳಿಗೆ ಎಫ್‌ಸಿ, ಅಂದರೆ ಓಡಿಸಲು ಯೋಗ್ಯ ಎಂಬ ಪತ್ರ, ಇನ್ನೂ ಸಿಗುತ್ತದೆ, ನಿಜ. ಆದರೂ ಅವನ್ನು ಊರೊಳಗೆ ಓಡಿಸಲು ನಮಗೆ ಮನಸ್ಸು ಒಪ್ಪಲಿಲ್ಲ.

ಇಂಗಾಲದ ಡೈಆಕ್ಸೈಡ್ ಲೆಕ್ಕವೂ ಹೇಳಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕೆಜಿ ಬರುತ್ತದೆ, ಪೆಟ್ರೋಲ್ ಉರಿದರೆ ಸುಮಾರು 2.31 ಕೆಜಿ. ಮೇಲಿನ ಊರೊಳಗಿನ ಮೈಲೇಜ್ ಹಿಡಿದರೆ ಕಿಲೋಮೀಟರಿಗೆ ಡೀಸೆಲ್ ಗಾಡಿ 245 ಗ್ರಾಂ, ಪೆಟ್ರೋಲ್ ಗಾಡಿ 255 ಗ್ರಾಂ, ಹೈಬ್ರಿಡ್ 135 ಗ್ರಾಂ ಆಸುಪಾಸು ಬಿಡುತ್ತದೆ. ಹೆದ್ದಾರಿಯಲ್ಲಿ ಖರ್ಚು ಸಮ ಆದರೂ ಹೊಗೆ ಸಮ ಆಗುವುದಿಲ್ಲ. ಅಲ್ಲೂ ಡೀಸೆಲ್ 190, ಹೈಬ್ರಿಡ್ 145ರ ಹತ್ತಿರ.

ಹಾಗಿದ್ದರೆ ಡೀಸೆಲ್ ಪೂರ್ತಿ ಯಾಕೆ ಬಿಡಲಿಲ್ಲ? ಘಾಟಿಯಿಂದಾಗಿ. ಏಳು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು ಹೇರಿಕೊಂಡು ಊಟಿ ದಾರಿಯ ಕಲ್ಲಟ್ಟಿ ಘಾಟಿಯ 36 ಹೇರ್‌ಪಿನ್ ತಿರುವು ಹತ್ತುವಾಗ ಡೀಸೆಲ್ ಎಂಜಿನ್ ಕಡಿಮೆ ವೇಗದಲ್ಲೇ ಜೋರಾಗಿ ಎಳೆಯುತ್ತದೆ. ಹೈಬ್ರಿಡ್‌ನ ಬ್ಯಾಟರಿ ಉದ್ದನೆಯ ಏರಿನಲ್ಲಿ ಬೇಗ ಬರಿದಾಗುತ್ತದೆ. ಆಮೇಲೆ ಪೆಟ್ರೋಲ್ ಎಂಜಿನ್ ಒಂದೇ ಅರಚಿಕೊಂಡು ಹತ್ತಬೇಕು. ಉದ್ದನೆಯ ಇಳಿಜಾರಿನಲ್ಲಿ ಬ್ಯಾಟರಿ ತುಂಬಿಬಿಟ್ಟರೆ ಮತ್ತೆ ತುಂಬಲು ಜಾಗವಿಲ್ಲ, ಆಗ ಎಂಜಿನ್ನಿನ ಹಿಡಿತದಲ್ಲೇ ಇಳಿಸಬೇಕು. ಆಗುವುದಿಲ್ಲ ಎಂದಲ್ಲ. ಭಾರ ತುಂಬಿದ ಗಾಡಿಗೆ ಡೀಸೆಲ್ ನೆಮ್ಮದಿ. ಬಿಎಸ್-6 ಡೀಸೆಲ್ ಗಾಡಿಗೂ ದೂರದ ಓಟವೇ ಒಳ್ಳೆಯದು. ಅದರಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ಅದು ಚೆನ್ನಾಗಿ ಬಿಸಿಯಾದರೆ ಮಾತ್ರ ಮಸಿ ಸುಟ್ಟುಹೋಗುತ್ತದೆ. ಬರೀ ಕುವೆಂಪುನಗರದಿಂದ ಸ್ಟೇಷನ್, ಸ್ಟೇಷನ್‌ನಿಂದ ಕುವೆಂಪುನಗರ ಎಂದು ಓಡಿಸಿದರೆ ಫಿಲ್ಟರ್ ಕಟ್ಟಿಕೊಂಡು ಗ್ಯಾರೇಜ್ ಬಿಲ್ ಬೆಳೆಯುತ್ತದೆ.

ನಮ್ಮ ಚಾಲಕರ ಹತ್ತಿರ "ನಾವೂ ಮನೆಗೆ ಹೈಬ್ರಿಡ್ ತಗೊಳ್ಳೋದಾ?" ಎಂದು ಕೇಳುವವರಿದ್ದೀರಿ. ನಮ್ಮ ಲೆಕ್ಕವನ್ನು ಹಾಗೇ ನಿಮ್ಮ ಮನೆಗೆ ಹಾಕಿಕೊಳ್ಳಬೇಡಿ. ಹೈಬ್ರಿಡ್‌ಗೆ ಪೆಟ್ರೋಲ್ ಗಾಡಿಗಿಂತ ಕೆಲವು ಲಕ್ಷ ಜಾಸ್ತಿ ಕೊಡಬೇಕು. ವರ್ಷಕ್ಕೆ 50,000 ಕಿಲೋಮೀಟರ್ ಊರೊಳಗೆ ಓಡುವ ಬಾಡಿಗೆ ಗಾಡಿ ಮೇಲಿನ ದರದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷಕ್ಕೂ ಹೆಚ್ಚು ಉಳಿಸುತ್ತದೆ. ವರ್ಷಕ್ಕೆ 8,000 ಓಡುವ ಮನೆ ಗಾಡಿ ಉಳಿಸುವುದು 43,000 ರೂಪಾಯಿ ಅಷ್ಟೇ. ಓಡಾಟ ಕಡಿಮೆ ಇದ್ದರೆ ಚಿಕ್ಕ ಪೆಟ್ರೋಲ್ ಕಾರೇ ಸಾಕು. ಅದು ದೊಡ್ಡ ಹೈಬ್ರಿಡ್‌ನಷ್ಟೇ ಕಡಿಮೆ ಇಂಧನದಲ್ಲಿ ಓಡುತ್ತದೆ, ಬೆಲೆಯೂ ಕೈಗೆಟುಕುತ್ತದೆ.

ಎಲೆಕ್ಟ್ರಿಕ್ ಗಾಡಿಯ ಬಗ್ಗೆಯೂ ಸಂಘದಲ್ಲಿ ಮಾತಾಡಿದ್ದೇವೆ. ಸೈಲೆನ್ಸರ್ ಹೊಗೆಯೇ ಇಲ್ಲದ ಗಾಡಿ ಅದು, ನಮಗೂ ಆಸೆ ಇದೆ. ಆದರೆ ಒಂದೇ ಗಾಡಿಯನ್ನು ಹಗಲು ಒಬ್ಬರು, ರಾತ್ರಿ ಒಬ್ಬರು ಓಡಿಸುವ ನಮ್ಮ ಪದ್ಧತಿಯಲ್ಲಿ ಚಾರ್ಜಿಂಗ್‌ಗೆ ಬಿಡುವು ಸಿಗುವುದು ಕಷ್ಟ. ಸ್ಟ್ಯಾಂಡಿನಲ್ಲೇ ಚಾರ್ಜರ್ ಹಾಕಿಸುವ ಏರ್ಪಾಡು ಆದ ಮೇಲೆ ಅದಕ್ಕೂ ಕೈಹಾಕುತ್ತೇವೆ.

ಇನ್ನು ಮುಂದೆ ಬುಕ್ ಮಾಡುವಾಗ ಮೂರು ವಿಷಯ ತಪ್ಪದೆ ತಿಳಿಸಿ: ಎಷ್ಟು ಜನ, ಎಷ್ಟು ಲಗೇಜು, ದಾರಿಯಲ್ಲಿ ಘಾಟಿ ಇದೆಯಾ. ಡೀಸೆಲ್ ಗಾಡಿಗಳು ಕಡಿಮೆ ಇರುವುದರಿಂದ ದಸರಾ, ಬೇಸಿಗೆ ರಜೆ ಮತ್ತು ಮದುವೆ ದಿನಗಳಲ್ಲಿ ಘಾಟಿ ಟ್ರಿಪ್‌ಗೆ ಒಂದು ವಾರ ಮೊದಲೇ ಹೇಳಿದರೆ ಅನುಕೂಲ. ಹೈಬ್ರಿಡ್ ಗಾಡಿಗಳ ಮೇಲೆ ಕ್ಯಾರಿಯರ್ ಇರುವುದಿಲ್ಲ. ಈಗಾಗಲೇ ಯುಗಾದಿ ನಂತರದ ದಿನಕ್ಕೆ ಬುಕ್ ಮಾಡಿ, ಅದೇ ಹಳೆಯ ಗಾಡಿ ಬೇಕೆಂದಿದ್ದವರಿಗೆ ನಮ್ಮ ಕಚೇರಿಯಿಂದಲೇ ಫೋನ್ ಬರುತ್ತದೆ. ಹೊಸ ಗಾಡಿ ಒಪ್ಪಿಗೆ ಆಗದಿದ್ದರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ.

ನಿಮ್ಮ ವಿಶ್ವಾಸಿಗಳು,
ಅಧ್ಯಕ್ಷರು ಮತ್ತು ಸರ್ವ ಸದಸ್ಯರು
ಟ್ಯಾಕ್ಸಿ ಚಾಲಕರ ಸಹಕಾರ ಸಂಘ, ಮೈಸೂರು