ಸೂಟು ಹೊಲಿಸಬ್ಯಾಡ ಗೆಳೆಯಾ

ಸಪ್ತಾಪುರ, ಧಾರವಾಡ

ಪ್ರೀತಿಯ ಗೆಳೆಯಾ,

ನೀ ಫೋನಿನ್ಯಾಗ ಕೇಳಿದ್ದು ಎರಡು ಮಾತಿನ್ಯಾಗ ಮುಗಿಯೋದಲ್ಲ. ಅದಕ್ಕ ಬರದ ಕಳಿಸ್ತೀನಿ ಅಂದೆ. ಸಿಂಗಾಪುರದಾಗಿನ ಮಗಳು ನಿನಗೂ ವೈನಿಗೂ ಹಡಗಿನ ಟಿಕೆಟ್ ತಗಸ್ಯಾಳ. ನಾಕು ರಾತ್ರಿ, ಪೆನಾಂಗ್, ಫುಕೆಟ್ ನೋಡಿ ತಿರುಗಿ ಸಿಂಗಾಪುರ. ಕೇಳಿ ಭಾಳ ಖುಷಿ ಆತು. ಆದ್ರ ಟಿಕೆಟ್ ಜೋಡಿ ಬಂದ ಕಾಗದದಾಗ 'ಒಂದು ರಾತ್ರಿ ಫಾರ್ಮಲ್ ಡಿನ್ನರ್' ಅಂತ ಓದಿದಾಗಿಂದ ನಿನಗ ಚಿಂತಿ ಹತ್ತೇತಿ. ಹುಬ್ಬಳ್ಳಿ ಕೊಪ್ಪಿಕರ್ ರೋಡಿಗೆ ಹೋಗಿ ಸೂಟಿನ ಬೆಲಿ ಕೇಳಿಕೊಂಡು ಬಂದೀದಿ. ವೈನಿಯಂತೂ 'ಸೀರಿ ಉಟ್ಟು ಹೋದ್ರ ಒಳಗ ಬಿಡತಾರೋ ಇಲ್ಲೋ' ಅಂತ ಕೇಳ್ಯಾರ.

ಬಿಡತಾರ. ಬರೇ ಬಿಡೋದಲ್ಲ, ಮರ್ಯಾದಿಂದ ಕರಕೊಂಡು ಹೋಗಿ ಕೂಡಸ್ತಾರ. ನೀ ಸೂಟು ಹೊಲಿಸಬ್ಯಾಡ. ಒಂದು ರಾತ್ರಿ ಹಾಕ್ಕೊಂಡು ಆಮ್ಯಾಲ ಟ್ರಂಕಿನ್ಯಾಗ ಡಾಂಬರಗುಳಿಗಿ ಜೋಡಿ ಇಡೋ ಬಟ್ಟಿಗೆ ಸಾವಿರಗಟ್ಟಲೆ ಸುರಿಯೋದು ನನಗ ಮನಸ್ಸಿಗೆ ಬರೂದಿಲ್ಲ. ಅದೂ ನೀ ಗದಗ-ಬೆಟಗೇರಿಯಾಗ ಮಗ್ಗದ ಸಪ್ಪಳ ಕೇಳಕೋತ ಬೆಳದಾಂವ.

ಮೊದಲ ಅಲ್ಲಿ ಊಟ ಹೆಂಗ ನಡೀತೈತಿ ಅನ್ನೋದು ತಿಳ್ಕೋ. ಇಂಥ ದೊಡ್ಡ ಹಡಗಿನ್ಯಾಗ ಟಿಕೆಟಿನ ರೊಕ್ಕದಾಗನ ಬರೋ ಊಟಕ್ಕ ಮುಖ್ಯ ಎರಡು ಜಾಗ. ಒಂದು ಬಫೆ, ಮ್ಯಾಲಿನ ಡೆಕ್ಕಿನ್ಯಾಗ ಇರ್ತೈತಿ. ತಾಟು ಹಿಡಕೊಂಡು ಬೇಕಾದ್ದು ಹಾಕ್ಕೊಂಡು ಉಣ್ಣೋದು. ಅಲ್ಲಿ ದಿನಾ ಹಾಕ್ಕೊಳ್ಳೋ ಅಂಗಿ ಪ್ಯಾಂಟು ನಡೀತಾವ, ಫಾರ್ಮಲ್ ರಾತ್ರಿನೂ ಅಲ್ಲಿ ಯಾರೂ ಏನೂ ಕೇಳೂದಿಲ್ಲ. ಇನ್ನೊಂದು ಊಟದ ದೊಡ್ಡ ಹಾಲ್. ಬಿಳಿ ಮೇಜುಬಟ್ಟಿ, ಒಂದಾದಮ್ಯಾಲ ಒಂದು ತಂದು ಬಡಸೋ ವೇಟರ್‌ಗಳು. ಭಾಳ ಹಡಗಿನ್ಯಾಗ ನಮ್ಮ ಜಾತ್ರಿ ಪ್ರಸಾದದಂಗ ಎರಡು ಪಂಕ್ತಿ ಮಾಡಿರ್ತಾರ. ಮೊದಲನೇದು ಸಂಜಿ ಆರರ ಸುಮಾರು, ಎರಡನೇದು ಎಂಟರ ಸುಮಾರು. ನಿನ್ನ ಮೇಜು ಯಾವುದು ಅಂತ ಗೊತ್ತಾದಮ್ಯಾಲ ದಿನಾ ಅದ ಮೇಜು, ಅದ ವೇಟರ್. ಎರಡನೇ ದಿನಕ್ಕ ಅವ ನಿನ್ನ ಹೆಸರು ಹಿಡದು ಮಾತಾಡಸ್ತಾನ. ಬಟ್ಟಿ ವಿಚಾರ ಬರೋದು ಈ ಹಾಲಿನ್ಯಾಗ.

ಅಲ್ಲಿ ಬ್ಯಾಡ ಅನ್ನೋದು ಯಾವುದಕ್ಕ? ಈಜೋ ಬಟ್ಟಿಗೆ, ಬನೀನಿಗೆ, ಹವಾಯಿ ಚಪ್ಪಲಿಗೆ, ಹರಕ ಜೀನ್ಸಿಗೆ. ಭಾಳ ಕಂಪನ್ಯಾಗ ರಾತ್ರಿ ಊಟಕ್ಕ ಗಂಡಸರ ಅರ್ಧ ಚಡ್ಡಿಗೂ ಬ್ಯಾಡ ಅಂತಾರ. ಆ ಕಾಯ್ದೆ ಅಲಕ್ಷ್ಯಲೆ ಬರೋದನ್ನ ತಡಿಯಾಕ ಐತಿ, ನೀ ಯಾವ ದೇಶದ ಉಡುಪು ಹಾಕ್ಕೊಂಡು ಬಂದೀದಿ ಅನ್ನೋದಕ್ಕಲ್ಲ. ಇದೊಂದು ಮನಸ್ಸಿನ್ಯಾಗ ಇಟ್ಟುಕೊಂಡ್ರ ಅರ್ಧ ಚಿಂತಿ ಹೋಗ್ತೈತಿ. ಬಡಸೋರು ಗರಿಗರಿ ಅಂಗಿ ಹಾಕ್ಕೊಂಡು, ತಲಿ ಬಾಚಿಕೊಂಡು ನಿಂತಿರ್ತಾರ. ಅವರ ಎದುರಿಗೆ ನಾವೂ ಮಕಾ ತೊಳಕೊಂಡು, ಚಂದಾಗಿ ಉಟ್ಟು ತೊಟ್ಟು ಹೋಗಿ ಕೂಡಬೇಕು. ಅದನ್ನ ನಾ ಮನಸಾರೆ ಒಪ್ಪತೀನಿ.

ಹಿಂದಕ ಇದು ಭಾಳ ಕಟ್ಟುನಿಟ್ಟು ಇತ್ತು. ಉಗಿಹಡಗಿನ ಕಾಲದಾಗ ಮೊದಲನೇ ದರ್ಜೆಯವರು ದಿನಾ ರಾತ್ರಿ ಊಟಕ್ಕ ಬಟ್ಟಿ ಬದಲಿಸಿ, ಕರೆ ಕೋಟು ಹಾಕ್ಕೊಂಡು ಬರಬೇಕಾಗಿತ್ತು. ಮೊದಲ ರಾತ್ರಿ ಮತ್ತ ಕಡಿ ರಾತ್ರಿ ಮಾತ್ರ ಅದರಿಂದ ರಿಯಾಯ್ತಿ. ಯಾಕಂದ್ರ ಆ ಎರಡು ರಾತ್ರಿ ಟ್ರಂಕು ಕಟ್ಟೇ ಇರ್ತಿದ್ದವು. ಆ ರೂಢಿ ಇನ್ನೂ ಉಳದೈತಿ, ಮೊದಲ ರಾತ್ರಿ ಇವತ್ತಿಗೂ ಸಾದಾ ಬಟ್ಟೀನ ನಡೀತೈತಿ. ಈಗ ಒಂದೊಂದು ಕಂಪನೀದು ಒಂದೊಂದು ಪದ್ಧತಿ. ಇಂಗ್ಲೆಂಡಿನ ಹಳೇ ಕಂಪನಿ ಕ್ಯುನಾರ್ಡ್ ಇನ್ನೂ ಗಾಲಾ ರಾತ್ರಿ ಅಂತ ಮಾಡ್ತೈತಿ, ಗಂಡಸರು ಕರೆ ಸೂಟು, ಟೈ ಹಾಕ್ಕೊಂಡು ಬರ್ತಾರ. ಆದ್ರ ಅಷ್ಟು ಬಿಗಿ ಇರೋ ಅಲ್ಲೂ ತಮ್ಮ ತಮ್ಮ ದೇಶದ ಉಡುಪು ಹಾಕ್ಕೊಂಡು ಬಂದ್ರ ಸ್ವೀಕಾರ ಐತಿ. ಸ್ಕಾಟ್ಲೆಂಡಿನವರು ತಮ್ಮ ಕಿಲ್ಟ್ ಉಟ್ಟು ಕೂಡತಾರ. ಇನ್ನೊಂದು ಕಡಿ ನಾರ್ವೇಜಿಯನ್ ಅನ್ನೋ ಕಂಪನಿ 2000ರಾಗ ಫ್ರೀಸ್ಟೈಲ್ ಅಂತ ಶುರು ಮಾಡಿ, ಫಾರ್ಮಲ್ ರಾತ್ರಿ ಕಡ್ಡಾಯ ಅನ್ನೋದನ್ನ ತಗದ ಬಿಟ್ಟಿತು. ನೀವು ಹೊಂಟಿರೋದು ಇವೆರಡರ ನಡುವಿನದು. ಬ್ಯಾರೆ ರಾತ್ರಿ ಸ್ಮಾರ್ಟ್ ಕ್ಯಾಜುವಲ್, ಅಂದ್ರ ನೀ ಮದುವಿ ರಿಸೆಪ್ಶನ್‌ಗೆ ಹಾಕ್ಕೊಂಡು ಹೋಗೋ ಅಂಗಿ ಪ್ಯಾಂಟು. ಯಾವ ರಾತ್ರಿ ಏನು ಅನ್ನೋದು ಆ ದಿನದ ಕಾರ್ಯಕ್ರಮದ ಹಾಳ್ಯಾಗ ಇಲ್ಲಾ ಹಡಗಿನ ಆ್ಯಪಿನ್ಯಾಗ ಬಂದಿರ್ತೈತಿ. ಮಗಳಿಗೆ ಹೇಳಿ ಮೊಬೈಲಿನ್ಯಾಗ ಹಾಕಿಸ್ಕೋ.

ಹಡಗು, ಬಟ್ಟಿ ಅಂದ್ರ ನನಗ ಗಾಂಧೀಜಿ ನೆನಪಾಗ್ತಾರ. 1888ರ ಸೆಪ್ಟೆಂಬರಿನ್ಯಾಗ ಮುಂಬೈ ಬಿಟ್ಟು ಲಂಡನ್ನಿಗೆ ಓದಾಕ ಹೊಂಟಾಗ ಅವರಿಗೆ ಹದಿನೆಂಟು ವರ್ಷ. ಹಡಗಿನ್ಯಾಗ ಕರೆ ಸೂಟು ಹಾಕ್ಕೊಂಡು, ಬಿಳಿ ಫ್ಲ್ಯಾನೆಲ್ ಸೂಟೊಂದನ್ನ ಇಳಿಯೋ ದಿನಕ್ಕಂತ ಜ್ವಾಕಿಲೆ ಇಟ್ಟಿದ್ರು. ಇಂಗ್ಲೆಂಡಿನ್ಯಾಗ ಇಳದು ನೋಡಿದ್ರ ಬಿಳಿ ಸೂಟಿನವರು ಅವರೊಬ್ಬರ. ಅದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು: ಚಾಕು, ಮುಳ್ಳುಚಮಚ ಹಿಡಿಯಾಕ ಬರೂದಿಲ್ಲಂತ ನಾಚಿ, ಊಟದ ಹಾಲಿಗೆ ಹೋಗದನ ತಮ್ಮ ಖೋಲ್ಯಾಗ ಕುಂತು ಮನಿಂದ ಕಟ್ಟಿಕೊಂಡು ಬಂದ ಸಿಹಿತಿಂಡಿ, ಹಣ್ಣು ತಿಂತಿದ್ರು. ಅದ ಮನುಷ್ಯ 1931ರಾಗ ರಾಜಪುತಾನಾ ಹಡಗು ಹತ್ತಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಖಾದಿ ತುಂಡು ಧೋತರ, ಮ್ಯಾಲೊಂದು ಶಾಲು. ಬಕಿಂಗ್‌ಹ್ಯಾಮ್ ಅರಮನಿಗೆ ರಾಜನ ಮುಂದನೂ ಹಂಗ ಹೋದ್ರು. ನೀ ಬಟ್ಟಿ ಸಲುವಾಗಿ ನಾಚಿ ಊಟದ ಹಾಲ್ ಬಿಟ್ಟು ನಾಕೂ ರಾತ್ರಿ ಬಫೆನ್ಯಾಗ ಉಂಡು ಬರಬಾರದು, ಅದಕ್ಕ ಇಷ್ಟು ಬರದೆ.

ಈಗ ವೈನಿ ಸೀರಿ ವಿಚಾರ. ಇದನ್ನ ಅವರಿಗೆ ಓದಿ ಹೇಳು. ಫಾರ್ಮಲ್ ರಾತ್ರಿಗೆ ಇಳಕಲ್ ಸೀರೀನ ಉಡಲಿ. ಕಂಚಿ ರೇಷ್ಮಿಯೂ ಚಂದನ, ಆದ್ರ ವಜ್ಜಿ. ಇಳಕಲ್ಲಿನ ಒಡಲು ಹತ್ತಿ ಇದ್ರ ಸಿಂಗಾಪುರದ ಸೆಕಿಗೂ ಆಗ್ತೈತಿ, ಸೆರಗು ರೇಷ್ಮಿ ಇರೋದರಿಂದ ದೀಪದ ಬೆಳಕಿನ್ಯಾಗ ಮಿಂಚತೈತಿ. ಒಡಲಿಗೂ ಸೆರಗಿಗೂ ಎಳಿ ಎಳಿ ಕೂಡಿಸಿ ಕೊಂಡಿ ಹಾಕಿರ್ತಾರಲ್ಲ, ಆ ಜಾಗದಾಗ ಬೊಟ್ಟು ಆಡಿಸಿ ನೋಡು, ಇಡೀ ಸೀರಿ ಕಸಬು ಅಲ್ಲೈತಿ. ತೋಪತೆನಿ ಅಂತಾರಲ್ಲ, ಆ ಕೆಂಪು ಸೆರಗಿನ ನಡುನಡುವಿನ ಬಿಳಿ ಪಟ್ಟಿ ಎಷ್ಟು ದೂರದಿಂದಲೂ ಎದ್ದು ಕಾಣಸ್ತೈತಿ. ಜೋಡಿಗೆ ಗುಳೇದಗುಡ್ಡದ ಖಣದ ಕುಪ್ಪಸ ಇದ್ರ ಮತ್ತೇನೂ ಬ್ಯಾಡ.

ನಾವು ಇಂಥದ ಹಡಗಿನ್ಯಾಗ ಹೋದಾಗ ನಮ್ಮಾಕಿ ಫಾರ್ಮಲ್ ರಾತ್ರಿ ತಮ್ಮ ಅವ್ವನ ಚಂದ್ರಕಾಳಿ ಸೀರಿ ಉಟ್ಟಿದ್ದಳು. ಕರೆ ಒಡಲು, ಅದರ ತುಂಬ ಕಸೂತಿ: ಗೋಪುರ, ತೇರು, ತುಳಸಿಕಟ್ಟಿ, ಸೆರಗಿನ ಹತ್ತರ ಆನಿ ಅಂಬಾರಿ. ನಮ್ಮ ಮೇಜಿನ್ಯಾಗ ವಯಸ್ಸಾದ ಹೆಣ್ಣುಮಗಳೊಬ್ಬಾಕಿ ಕುಂತಿದ್ದಳು, ತಾನೂ ಸೂಜಿ ಕೆಲಸ ಮಾಡಾಕಿ. ಊಟ ಬಿಟ್ಟು ಸೆರಗು ಕೈಯಾಗ ಹಿಡಕೊಂಡು ತಿರುವಿ ಹಾಕಿ ನೋಡಿದಳು. ಗಂಟು ಎಲ್ಲೈತಿ ಅಂತ ಹುಡುಕತಿದ್ದಳು. ಗವಂತಿ, ಮುರಗಿ ಹೊಲಿಗಿ ಒಳಗೂ ಹೊರಗೂ ಒಂದ ಥರ, ಗಂಟು ಹಾಕೂದಿಲ್ಲ. ಬಟ್ಟಿ ಮ್ಯಾಲ ಚಿತ್ರ ಬರಕೊಳ್ಳೋದೂ ಇಲ್ಲ, ಎಳಿ ಎಣಿಸಿಕೋತ ಹೊಲಿಯೋದು ಅಂತ ನಮ್ಮಾಕಿ ತನಗ ಬರೋ ಇಂಗ್ಲಿಷಿನ್ಯಾಗ ಹೇಳಿದಳು. ಆ ಹೆಣ್ಣುಮಗಳು ಕನ್ನಡಕ ಹಾಕ್ಕೊಂಡು ಎಣಿಸಾಕ ಶುರು ಮಾಡಿದಳು. ಸೂಪು ಆರಿಹೋತು, ಇಬ್ಬರಿಗೂ ಅದರ ಖಬರಿಲ್ಲ. ಆ ಹಾಲಿನ್ಯಾಗ ಬೆಲಿಬಾಳೋ ಗೌನುಗಳು ಎಷ್ಟೋ ಇದ್ದವು. ಆದ್ರ ಕೈಯಿಂದ ಮುಟ್ಟಿ ನೋಡಿದ್ದು ಆ ಸೀರಿ ಒಂದನ್ನ.

ಬ್ಯಾರೆ ರಾತ್ರಿಗೆ ಗಜೇಂದ್ರಗಡದ ಪಟ್ಟೇದ ಅಂಚಿನ ಸೀರಿ ಇಟ್ಕೊಳ್ಳಲಿ. ಗದಗಿನಿಂದ ನಿಮಗೇನು ದೂರ? ಚೌಕಳಿ ಒಡಲು, ಗಟ್ಟಿ ನೇಯಿಗಿ, ಮಡಚಿ ಹೆಂಗ ಒಗದ್ರೂ ಹೆದರಿಕಿ ಇಲ್ಲ. ಒಂದು ಮಾತು ಮಾತ್ರ: ಡೆಕ್ಕಿನ ಮ್ಯಾಲ ಗಾಳಿ ಭಾಳ. ಸೆರಗಿಗೆ, ನಿರಿಗಿಗೆ ಎರಡೂ ಕಡಿ ಪಿನ್ನು ಹಾಕ್ಕೊಳ್ಳಲಿ. ಊಟದ ಹಾಲಿನ್ಯಾಗ ಏಸಿ ಥಂಡಿ ಇರ್ತೈತಿ, ಒಂದು ಶಾಲು ಬೇಕ ಬೇಕು. ಹಡಗು ಅಳ್ಳಾಡೋದು ಆ ಕಡಿ ಸಮುದ್ರದಾಗ ಕಡಿಮಿ, ಆದ್ರೂ ಎತ್ತರ ಹಿಮ್ಮಡ ಬ್ಯಾಡ.

ನಿನಗ ಏನು ಅಂದ್ರ, ಬೆಂಗೇರಿ ಖಾದಿ. ಹುಬ್ಬಳ್ಳಿಯಾಗ 1957ರಾಗ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ್ದು, ದೇಶಕ್ಕ ಧ್ವಜ ಹೊಲದು ಕಳಸೋ ಜಾಗ. ಅಲ್ಲಿಂದ ಒಂದು ಬಿಳಿ ನೆಹರೂ ಶರ್ಟಿನ ಅರಿವಿ, ಒಂದು ಕರೆ ಇಲ್ಲಾ ಕಡು ನೀಲಿ ಜಾಕೀಟಿನ ಅರಿವಿ ತಗೊಂಡ್ರ ಸಾಕು. ಕೆಳಗ ನಿನ್ನ ಹಂತೇಕ ಇರೋ ಕರೆ ಪ್ಯಾಂಟು. ಮುಂದ ಮಗನ ಮದುವಿಗೂ ಬರ್ತೈತಿ, ರಾಜ್ಯೋತ್ಸವಕ್ಕೂ ಬರ್ತೈತಿ. ಖರ್ಚು ಮಾಡೋ ಹುರುಪು ಇದ್ರ ಬಂದ್ ಗಲಾ ಕೋಟು ಹೊಲಿಸ್ಕೋ, ಅದಕ್ಕ ಟೈ ಗೊಡವಿ ಇಲ್ಲ. ಧೋತರ ಉಡ್ಲೇನು ಅಂತ ಕೇಳಿದ್ದಿ. ಕಚ್ಚಿ ಹಾಕಿ ಉಡೋ ರೂಢಿ ಇದ್ರ ಧಾರಾಳ ಉಡು, ಮ್ಯಾಲ ಜಾಕೀಟು ಇರಲಿ. ಉಟ್ಟು ರೂಢಿ ಇಲ್ಲದಿದ್ರ ಹಡಗಿನ ಮೆಟ್ಟಿಲ ಮ್ಯಾಲ ಕಲಿಯಾಕ ಹೋಗಬ್ಯಾಡ. ಕಾಲಿಗೆ ಬೂಟು, ಇಲ್ಲಾ ಮುಚ್ಚಿದ ಮೋಜಡಿ.

ಇನ್ನ ಇಸ್ತ್ರಿ. ಇದನ್ನ ಯಾರೂ ಮೊದಲ ಹೇಳೂದಿಲ್ಲ. ಬೆಂಕಿ ಹೆದರಿಕಿಗೆ ಖೋಲ್ಯಾಗ ಇಸ್ತ್ರಿ ಪೆಟಿಗಿ ಬಿಡೂದಿಲ್ಲ. ಬ್ಯಾಗಿನ್ಯಾಗ ಸಿಕ್ರ ಹತ್ತೋ ಮುಂದ ತಗದ ಇಟ್ಟುಕೊಂಡು, ಇಳಿಯೋ ದಿನ ಕೊಡ್ತಾರ. ಕೆಲವು ಹಡಗಿನ್ಯಾಗ ಇಸ್ತ್ರಿ ಮಾಡಿಕೊಳ್ಳಾಕ ಬ್ಯಾರೆ ಖೋಲಿ ಇರ್ತೈತಿ, ಎಲ್ಲಾ ಕಡಿ ಇರೂದಿಲ್ಲ. ರೊಕ್ಕ ಕೊಟ್ರ ಹಡಗಿನ ಲಾಂಡ್ರಿಯವರು ಮಾಡಿ ಕೊಡ್ತಾರ, ಹತ್ತಿದ ದಿನನ ಕೊಟ್ಟುಬಿಡು. ಖಾದಿಗೆ ಗಂಜಿ ಮನ್ಯಾಗನ ಹಾಕಿಸಿ, ಮಡಚೋ ಬದಲಿ ಸುರುಳಿ ಸುತ್ತಿ ಇಡು. ಸಣ್ಣ ಸುಕ್ಕು ಉಳದ್ರ ಬಚ್ಚಲದಾಗ ಬಿಸಿನೀರು ಬಿಟ್ಟು ಝಳಕ ಮಾಡೋ ಮುಂದ ಅಂಗಿ ಅಲ್ಲೇ ತೂಗಹಾಕು, ಉಗಿಗೆ ಬಿಡತಾವ.

ಮತ್ತ ದೊಡ್ಡ ಬ್ಯಾಗು ನೀ ಹೊರೂದಿಲ್ಲ. ಬಂದರಿನ್ಯಾಗ ಚೀಟಿ ಕಟ್ಟಿ ಒಪ್ಪಿಸಿದ್ರ ಅವರ ಖೋಲಿ ಬಾಗಿಲಿಗೆ ತಂದು ಇಡ್ತಾರ, ಆದ್ರ ತಾಸುಗಟ್ಟಲೆ ಆಗ್ತೈತಿ, ಒಮ್ಮೊಮ್ಮೆ ಊಟದ ಹೊತ್ತಿಗೂ ಬಂದಿರೂದಿಲ್ಲ. ಅದಕ್ಕ ಪಾಸ್‌ಪೋರ್ಟು, ನಿನ್ನ ಬಿಪಿ ಗುಳಿಗಿ, ಮೊದಲ ರಾತ್ರಿ ಇಬ್ಬರ ಬಟ್ಟಿ ಕೈಚೀಲದಾಗ ಇರಲಿ. ಶಾಕಾಹಾರದ ವಿಷಯ ಮಗಳು ಟಿಕೆಟ್ ಬುಕ್ಕಿಂಗಿನ್ಯಾಗ ಬರಸ್ಯಾಳೋ ಇಲ್ಲೋ ಇವತ್ತ ಕೇಳು. ಅದನ್ನ ಮೊದಲ ಹೇಳಿರಬೇಕು.

ಮಗಳ ಮ್ಯಾಲ ಸಿಟ್ಟಾಗಬ್ಯಾಡ. ಅಪ್ಪಾ ಅವ್ವಾ ನಾಕು ಮಂದ್ಯಾಗ ಸಣ್ಣ ಆಗಬಾರದು ಅಂತ ಸೂಟು ತಗೋ ಅಂದಿರ್ತಾಳ, ಅದು ಪ್ರೀತಿ ಮಾತು. ಫೋನು ಮಾಡಿ ಸಮಾಧಾನದಿಂದ ಹೇಳು: ನಾವು ನೇಕಾರ ಓಣಿಯವರು, ನಮ್ಮದ ಬಟ್ಟ್ಯಾಗ ಬರ್ತೀವಿ ಅಂತ. ಆ ರಾತ್ರಿ ಫೋಟೋ ತಗಿಯೋರು ಮೆಟ್ಟಿಲ ಹತ್ತರ ಪರದೆ ಕಟ್ಟಿಕೊಂಡು ನಿಂತಿರ್ತಾರ. ಫೋಟೋಕ್ಕ ನಿಂದರ್ರಿ, ಕೊಳ್ಳೋದು ಬಿಡೋದು ಆಮ್ಯಾಲ ನಿಮ್ಮ ಮರ್ಜಿ. ನೀವಿಬ್ಬರೂ ಜೋಡಿಲೆ ನಿಂತು ತಗಸಿದ ಒಳ್ಳೇ ಫೋಟೋ ನಿಮ್ಮ ಮನ್ಯಾಗ ಮದುವೀದು ಬಿಟ್ರ ಇನ್ನೊಂದಿಲ್ಲ, ಅದಕ್ಕ ಹೇಳಿದೆ.

ಬರೋ ಐತಾರದ ಒಳಗ ನಿನ್ನ ಕುತ್ತಿಗಿ, ಎದಿ, ತೋಳು, ಉದ್ದದ ಅಳತಿ ಬರದು ಕಳಿಸು. ಇಲ್ಲಾ ನಿನಗ ಸರಿ ಕೂಡೋ ಹಳೇ ಅಂಗಿ ಒಂದು ಯಾರ ಕೈಲೆನರ ಕೊಟ್ಟು ಕಳಿಸು. ಸೋಮಾರ ನಾ ಹುಬ್ಬಳ್ಳಿಗೆ ಹೋಗೋದೈತಿ, ಬೆಂಗೇರಿಂದ ಅರಿವಿ ತಂದು ನಮ್ಮ ಓಣಿ ಟೇಲರ್ ಕಡೆ ಕೊಟ್ಟುಬಿಡ್ತೀನಿ. ಮದುವಿ ಸೀಜನ್ನು, ಎರಡು ವಾರ ಬೇಕು ಅಂತಾನ.

ನಿನ್ನ
ಧಾರವಾಡದ ಗೆಳೆಯ